ಬ್ರೇಕ್ ಹಿಡಿಯದ ಪಿಕಪ್‌ನಲ್ಲಿ ಲಿಂಗಸುಗೂರಿಗೆ

ಭಾನುವಾರ ಬೆಳಿಗ್ಗೆ ಅಕ್ಕಿ ಚೀಲ ಹೇರಿಕೊಂಡು ಸಿಂಧನೂರು ಬಿಟ್ಟೆವು. ಗಾಡಿ ನನ್ನ ತಮ್ಮ ಶರಣಪ್ಪನ ದೊಡ್ಡ ಪಿಕಪ್. ಲಿಂಗಸುಗೂರಿನ ಅಂಗಡಿಗೆ ಅಕ್ಕಿ ಇಳಿಸಿ, ಅಲ್ಲೇ ಕಾದಿರುವ ಗಿರಾಕಿಗೆ ಗಾಡಿಯನ್ನೂ ಮಾರಿ ಬಸ್ಸಿನಲ್ಲಿ ಮರಳುವುದೆಂದು ಅವನ ಹೆಂಡತಿ ಈರಮ್ಮ ತೀರ್ಮಾನಿಸಿದ್ದಳು. ಕೆಲವು ತಿಂಗಳಿಂದ ಬ್ರೇಕ್ ಸರಿಯಾಗಿ ಹಿಡಿಯುತ್ತಿರಲಿಲ್ಲ. ಗಾಡಿ ಎಂದರೆ ಪ್ರಾಣ ಬಿಡುವ ಗಂಡ ನಡುದಾರಿಯಲ್ಲಿ ಮನಸ್ಸು ಬದಲಿಸಿದರೆ ಎಂದು ಅವಳೂ ಹತ್ತಿದಳು. ಸಾಲದ್ದಕ್ಕೆ, ಶಾಲೆಯ ಶಿಕ್ಷಕಿಯಾದ ನಾನು ಹೇಳಿದರೆ ತಮ್ಮ ಕೇಳುತ್ತಾನೆಂದು ನನ್ನನ್ನೂ ಎಳೆದುಕೊಂಡಳು. ಅವನು ನನ್ನ ಮಾತನ್ನು ಎಂದೂ ಕೇಳಿದವನಲ್ಲ.

ಫೆಬ್ರುವರಿಯ ಹಿತವಾದ ಬಿಸಿಲು. ಕಾಲುವೆಯ ನೀರು, ನಾಟಿ ಮುಗಿದ ಹಸಿರು ಗದ್ದೆ, ನನಗೆ ಕಿಟಕಿ ಬದಿಯ ಸೀಟು; ನಾನಂತೂ ಖುಷಿಯಾಗಿದ್ದೆ. ನಡುವೆ ಕುಳಿತ ಈರಮ್ಮ ಮಾತ್ರ, ಗಂಡ ಬ್ರೇಕ್ ತುಳಿದಾಗಲೆಲ್ಲ ತಾನೂ ಬಲಗಾಲಿನಿಂದ ನೆಲ ಒತ್ತುತ್ತಿದ್ದಳು. ಗದ್ದೆಗಳು ಮುಗಿದು ಕಡಲೆ, ಜೋಳದ ಹೊಲ ಶುರುವಾದವು. ಮಸ್ಕಿ ಇನ್ನೇನು ಬಂತು ಎನ್ನುವಾಗ ಕುರಿ ಹಿಂಡು ಅಡ್ಡ ಬಂತು. ಶರಣಪ್ಪ ಎದ್ದು ನಿಂತವನಂತೆ ಬ್ರೇಕ್ ತುಳಿದ. ಗಾಡಿ ಜಾರುತ್ತ ಹೋಗಿ ಕೊನೆಯ ಕುರಿಯ ಬಾಲದ ಹತ್ತಿರ ನಿಂತಿತು.

“ಯಪ್ಪಾ, ಗಾಡಿ ನಿಂದ್ರಸಾಕ ಬರಂಗಿಲ್ಲೇನು ನಿನಗ?” ಎಂದು ಕುರಿಗಾಹಿ ಕೂಗಿದ.

“ಕೇಳಿದ್ರಿಲ್ಲ? ಇವತ್ತ ಮಾರೂದಂದ್ರ ಮಾರೂದು,” ಎಂದಳು ಈರಮ್ಮ. ತಮ್ಮನ ಮುಖ ನೋಡಿ ನನಗೆ ಪಾಪ ಅನ್ನಿಸಿತು.

ಮಸ್ಕಿಯಲ್ಲಿ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ ತಿಂದೆವು. ಕೊನೆಯದಾಗಿ ಒಂದು ಸಲ ತೋರಿಸುತ್ತೇನೆಂದು ಶರಣಪ್ಪ ಗಾಡಿಯನ್ನು ಖಾಜಾಸಾಬ್ ಮಿಸ್ತ್ರಿಯ ಶೆಡ್ಡಿಗೆ ಒಯ್ದ.

“ಬ್ರೇಕಿನ ಎಣ್ಣಿ ಹೊಸಾದು, ಶೂ ಹೊಸಾವು, ಬೂಸ್ಟರೂ ಹೊಸಾದು. ಮತ್ತೇನ್ ಉಳೀತು ಭಾಯಿ?” ಎಂದು ಶರಣಪ್ಪ ಕೇಳಿದ.

ಪಕ್ಕದ ಬಯಲಿನಲ್ಲಿ ಓಡಿಸಿ ಗಕ್ಕನೆ ನಿಲ್ಲಿಸಿ ನೋಡಿದರು. ಮುಂದಿನ ಗಾಲಿಗಳು ನೆಲದ ಮೇಲೆ ಗೆರೆ ಎಳೆದಿದ್ದವು, ಹಿಂದಿನವು ಇಲ್ಲ. “ಹಿಂದಿನ ಗಾಲಿಗಿ ಬ್ರೇಕ್ ಹೋಗವಲ್ದು,” ಎಂದ ಖಾಜಾಸಾಬ್. ಗಾಲಿ ಬಿಚ್ಚಿ ನೋಡಿದರೆ ಒಳಗೆ ಎಲ್ಲವೂ ಸರಿಯಾಗಿತ್ತು. ಇಬ್ಬರೂ ತಲೆ ಕೆರೆದುಕೊಂಡರು.

ಅಷ್ಟರಲ್ಲಿ ಈರಮ್ಮ ಗಾಡಿಯ ಹಿಂಭಾಗದಿಂದ ನೀರಿನ ಕ್ಯಾನ್ ಎಳೆದುಕೊಳ್ಳಲು ತುದಿಗಾಲಲ್ಲಿ ನಿಂತು ಬೈಯುತ್ತಿದ್ದಳು: “ಪಾಟಾ ಹಾಕ್ಸಿದಾಗಿಂದ ಈ ಗಾಡಿ ಕೈಗೇ ಎಟಕವಲ್ದು. ಬ್ರೇಕ್ ಕೆಟ್ಟದ್ದೂ ಅವಾಗಿಂದನ!”

ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡರು. ಭತ್ತ, ಅಕ್ಕಿ ಹೇರುವ ನಮ್ಮ ಕಡೆ, ಭಾರಕ್ಕೆ ಹಿಂಭಾಗ ಕುಸಿಯದಿರಲೆಂದು ಗಾಲಿಯ ಮೇಲಿನ ಕಮಾನು ಸ್ಪ್ರಿಂಗಿಗೆ ಇನ್ನೆರಡು ಉಕ್ಕಿನ ಪಟ್ಟಿ, ಅಂದರೆ ಪಾಟಾ, ಕೂಡಿಸುವುದು ರೂಢಿ. ಖಾಜಾಸಾಬ್ ಗಾಡಿಯ ಕೆಳಗೆ ನುಸುಳಿ ಒಂದು ಸಣ್ಣ ಕಡ್ಡಿ ತೋರಿಸಿದ. ಭಾರ ಬಿದ್ದು ಗಾಡಿ ಕುಸಿದಂತೆಲ್ಲ ಆ ಕಡ್ಡಿ ವಾಲಬೇಕು, ಆಗಲೇ ಹಿಂದಿನ ಗಾಲಿಗೆ ಹೆಚ್ಚು ಬ್ರೇಕ್ ಹೋಗುತ್ತದೆ. ಪಾಟಾ ಕೂಡಿಸಿದ ಮೇಲೆ ಗಾಡಿ ಕುಸಿಯುತ್ತಲೇ ಇರಲಿಲ್ಲ. ಮೇಲೆ ಅಷ್ಟೊಂದು ಅಕ್ಕಿಯಿದ್ದರೂ ಖಾಲಿ ಗಾಡಿಯ ಬ್ರೇಕೇ ಸಿಗುತ್ತಿತ್ತು.

“ಎಷ್ಟ್ ಗಾಡಿಗಿ ನಾನ ಪಾಟಾ ಕೂಡ್ಸೀನೋ! ಒಮ್ಮೆರ ಈ ಕಡ್ಡಿ ನೋಡಿದ್ರ ಹೇಳು,” ಎಂದು ಅವನು ಹಣೆ ಬಡಿದುಕೊಂಡು ನಕ್ಕ.

ಹೆಚ್ಚಿನ ಪಾಟಾ ಕಳಚಿದರು. ಅಷ್ಟು ಭಾರ ಇನ್ನು ತಾಳದೆಂದು ಅರ್ಧದಷ್ಟು ಚೀಲಗಳನ್ನು ಮುಂದಿನ ಸಲಕ್ಕೆಂದು ಶೆಡ್ಡಿನಲ್ಲೇ ಇಳಿಸಿ, ಉಳಿದವುಗಳ ಸಮೇತ ಬಯಲಿನಲ್ಲಿ ಮತ್ತೆ ಬ್ರೇಕ್ ಹಾಕಿದಾಗ ನೆಲದ ಮೇಲೆ ನಾಲ್ಕೂ ಗಾಲಿಯ ಗುರುತು ಮೂಡಿತು. ಶರಣಪ್ಪ ಇಳಿದು ಹೋಗಿ ನೋಡಿ ಬಂದ. ಮತ್ತೊಮ್ಮೆ ಹೋಗಿ ನೋಡಿದ. ನನಗೂ ಸಂತೋಷವಾಯಿತು.

“ಈಗರ ಗಾಡಿ ಇಟಗೋಳೂನೇನು?” ಎಂದು ಹೆಂಡತಿಯನ್ನು ಕೇಳಿದ.

“ಲಿಂಗಸುಗೂರು ಮುಟ್ಟಲ್ರಿ, ಹೇಳ್ತೀನಿ.”

ಲಿಂಗಸುಗೂರು ಹತ್ತಿರವಾದಾಗ ಮುಂದೆ ಹೋಗುತ್ತಿದ್ದ ಬಸ್ಸು ಹೇಳದೆ ಕೇಳದೆ ನಿಂತಿತು. ಶರಣಪ್ಪ ಬ್ರೇಕ್ ಒತ್ತಿದ. ಗಾಡಿ ಅಲ್ಲೇ ನಿಂತಿತು. ನಾನು ಮೊದಲು ನೋಡಿದ್ದು ಈರಮ್ಮನ ಬಲಗಾಲನ್ನು. ಅವಳು ಚಪ್ಪಲಿ ಬಿಟ್ಟು ಕಾಲು ಮೇಲೆ ಮಡಚಿಕೊಂಡು, ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

ಅಂಗಡಿಯ ಮುಂದೆ ಗಿರಾಕಿ ಕಾದಿದ್ದ. “ಏನ್ ಶರಣಪ್ಪ, ಗಾಡಿ ತಂದ್ಯಾ?” ಎಂದು ಜೋರಾಗಿ ಕೇಳುತ್ತ ಬಂದ.

ಶರಣಪ್ಪ ತುಟಿಯ ಮೇಲೆ ಬೆರಳಿಟ್ಟ. “ಮೆಲ್ಲಕ ಮಾತಾಡ್ರಿ, ನಮ್ಮಾಕಿ ಮಲಗ್ಯಾಳ. ಗಾಡಿ ಮಾರಂಗಿಲ್ಲ.”