ಒಬ್ಬರೇ ಬಂದವರು

ಹಡಗು ಮುಂಬೈ ಬಿಟ್ಟು ಎರಡು ಗಂಟೆಯೂ ಆಗಿರಲಿಲ್ಲ, ಕೊಚ್ಚಿಯಲ್ಲಿ ಇಳಿದುಬಿಡುವುದೆಂದು ನಾನು ತೀರ್ಮಾನಿಸಿಯಾಗಿತ್ತು. ಐದು ದಿನದ ಪ್ರವಾಸ, ಮೂರನೆಯ ದಿನ ಬೆಳಿಗ್ಗೆ ಕೊಚ್ಚಿ. ಅಲ್ಲಿಂದ ಮಂಗಳೂರಿಗೆ ರೈಲು ಹಿಡಿದು, ಚಾರ್ಮಾಡಿ ಘಾಟಿ ಹತ್ತಿದರೆ ಮಾರನೆಯ ದಿನ ಮಧ್ಯಾಹ್ನದ ಊಟಕ್ಕೆ ಮನೆ. ಉಳಿದ ಎರಡು ದಿನದ ಸಮುದ್ರ ಯಾರಿಗೆ ಬೇಕೋ ಅವರು ನೋಡಿಕೊಳ್ಳಲಿ.

ಒಬ್ಬಳೇ ಹೊರಡಬೇಕೆಂದಿದ್ದವಳಲ್ಲ ನಾನು. ಆಲ್ದೂರಿನಲ್ಲಿ ನನ್ನ ಶಾಲೆಯ ಕಾಲದ ಗೆಳತಿ ಇದ್ದಾಳೆ, ಅವಳ ಗಂಡನದ್ದು ಜೀಪ್ ರಿಪೇರಿಯ ಗ್ಯಾರೇಜು. ಇಬ್ಬರಿಗೂ ಅರವತ್ತು ತುಂಬಿದ ವರ್ಷ ದೊಡ್ಡದೊಂದು ಹಡಗು ಹತ್ತಬೇಕು ಅಂತ ಮಾತಾಡಿಕೊಂಡಿದ್ದೆವು. ಕಾಫಿ ಕೊಯ್ಲು ಮುಗಿದು, ಪೇಟೆಯ ಮಕ್ಕಳಿಗೆಲ್ಲ ಪರೀಕ್ಷೆ ಶುರುವಾಗಿ, ನನ್ನ ಹೋಂಸ್ಟೇಗೆ ಜನ ಕಡಿಮೆಯಾಗುವ ವಾರ ನೋಡಿ ಟಿಕೆಟ್ ಮಾಡಿಸಿದ್ದೂ ಆಯಿತು. ಅಷ್ಟರಲ್ಲಿ ಹೆರಿಗೆಗೆ ಬಂದಿದ್ದ ಅವಳ ಮಗಳಿಗೆ ಡಾಕ್ಟರು, ಹೇಳಿದ್ದಕ್ಕಿಂತ ಮುಂಚೆಯೇ ಆಗಬಹುದು ಅಂದುಬಿಟ್ಟರು.

"ನೀನು ಹೋಗೇ ಮಾರಾಯ್ತಿ," ಅಂದಳು ಫೋನಿನಲ್ಲಿ. "ಇಬ್ರೂ ಮನೇಲಿ ಕೂತ್ರೆ ಮಗು ಬೇಗ ಹುಟ್ತದಾ?"

"ಒಬ್ಳೇ ಎಂತ ಮಾಡ್ಲಿ ಅಲ್ಲಿ?"

"ಸಮುದ್ರ ನೋಡು. ಅದನ್ನ ನೋಡೋಕೂ ಜೊತೆಗೆ ಜನ ಬೇಕಾ ನಿಂಗೆ? ಗಂಡನ್ನ ಕೇಳ್ಬೇಕಾ, ಅತ್ತೇನ ಕೇಳ್ಬೇಕಾ? ಹೋಗು ಸುಮ್ನೆ."

ಮದುವೆಯಾಗದ ನನಗೆ ಕೇಳಬೇಕಾದವರು ಯಾರೂ ಇಲ್ಲ ಎಂಬುದು ನಿಜ. ಆದರೆ ನಾನು ಒಂಟಿ ಅಂತ ನನಗೆ ಎಂದೂ ಅನ್ನಿಸಿದ್ದಿಲ್ಲ. ಗೋಣಿಬೀಡಿನ ಹತ್ತಿರ ಅಪ್ಪ ಬಿಟ್ಟುಹೋದ ಎಂಟು ಎಕರೆ ಕಾಫಿ, ನಾಲ್ಕು ರೂಮಿನ ಹೋಂಸ್ಟೇ. ಹನ್ನೊಂದು ವರ್ಷದಿಂದ ಒಂದಲ್ಲ ಒಂದು ಸಂಸಾರ ನಮ್ಮ ಜಗಲಿಯಲ್ಲಿ ಗಲಾಟೆ ಮಾಡುತ್ತಲೇ ಇರುತ್ತದೆ. ದೇವರಮನೆ ಗುಡ್ಡಕ್ಕೆ ದಾರಿ ಯಾವುದು, ಬಿಸಿನೀರು ಯಾವಾಗ, ಜಿಗಣೆ ಕಚ್ಚಿದರೆ ಸಾಯುತ್ತಾರಾ, ಇದಕ್ಕೆಲ್ಲ ಉತ್ತರ ಹೇಳುವುದರಲ್ಲೇ ನನ್ನ ದಿನ ಮುಗಿಯುತ್ತದೆ. ಬಂದವರ ಸದ್ದು ನಿಂತರೆ ಮನೆ ಹೇಗಿರುತ್ತದೆ ಅಂತ ಕೇಳಿಸಿಕೊಳ್ಳಲು ನನಗೆ ಪುರುಸೊತ್ತೇ ಆಗಿರಲಿಲ್ಲ.

ಹಡಗು ಅಂದರೆ ನಾನು ದೋಣಿಯ ದೊಡ್ಡಣ್ಣ ಅಂತ ತಿಳಿದಿದ್ದೆ. ನೋಡಿದರೆ ಮೂಡಿಗೆರೆ ಪೇಟೆಯನ್ನೇ ಎತ್ತಿ ಒಂದರ ಮೇಲೊಂದು ಹನ್ನೊಂದು ಸಲ ಜೋಡಿಸಿದ ಹಾಗಿತ್ತು. ಹತ್ತುವ ಬಾಗಿಲಲ್ಲಿ ಫೋಟೋ ತೆಗೆಯುವವನೊಬ್ಬ ಎಲ್ಲರನ್ನೂ ನಿಲ್ಲಿಸಿ ನಗಿಸುತ್ತಿದ್ದ. ನನ್ನ ಸರದಿ ಬಂದಾಗ ಕ್ಯಾಮೆರಾ ಎತ್ತಿ, ನನ್ನ ಹಿಂದೆ ಇನ್ನೂ ಯಾರೋ ಬರುತ್ತಾರೆಂದು ಕಾದ. ಯಾರೂ ಬರಲಿಲ್ಲ. ಕ್ಯಾಮೆರಾ ಇಳಿಸಿ, "ಹೋಗಿ ಮೇಡಂ," ಎಂದು ಹಿಂದಿಯಲ್ಲಿ ದಾರಿ ತೋರಿಸಿದ.

ಅಪಾಯ ಬಂದರೆ ಏನು ಮಾಡಬೇಕೆಂದು ಕಲಿಸಲು ನಮ್ಮನ್ನೆಲ್ಲ ಒಂದು ಕಡೆ ಸೇರಿಸಿ ಹಾಜರಿ ಕೂಗಿದರು. ನನ್ನ ಗೆಳತಿಯ ಹೆಸರನ್ನೂ ಕೂಗಿದರು, ಮೂರು ಸಲ.

"ಅವಳು ಬಂದಿಲ್ಲ," ಅಂದೆ.

"ಎಲ್ಲಿದ್ದಾರೆ?"

"ಆಲ್ದೂರಲ್ಲಿ."

ಹಾಜರಿ ಕೂಗುವವನು ಪಟ್ಟಿಯಲ್ಲಿ ಆಲ್ದೂರು ಎಷ್ಟನೆಯ ಮಹಡಿ ಅಂತ ಹುಡುಕಿದ. ನನಗೆ ನಗು ಬಂತು. ಇದನ್ನು ಹೇಳಿದರೆ ಅವಳು ಹೇಗೆ ನಗಬಹುದು ಅಂತ ಪಕ್ಕಕ್ಕೆ ತಿರುಗಿಯೂಬಿಟ್ಟೆ. ಪಕ್ಕದಲ್ಲಿ ಗುಜರಾತಿನ ಒಂದು ಸಂಸಾರ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಸೆಲ್ಫಿ ತೆಗೆದುಕೊಳ್ಳುತ್ತಿತ್ತು.

ಊಟದ ಹಾಲಿನಲ್ಲಿ "ಎಷ್ಟು ಜನ?" ಅಂದರು. ಒಂದು ಬೆರಳು ತೋರಿಸಿದೆ. ಕಂಬದ ಮರೆಯಲ್ಲಿ ಇಬ್ಬರ ಮೇಜು ಕೊಟ್ಟು, ಎದುರಿನ ತಟ್ಟೆ, ಲೋಟ, ಚಮಚಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋದರು. ನಾನು ಸಾವಿರಾರು ಜನರಿಗೆ ಬಡಿಸಿದವಳು. ತಟ್ಟೆ ಎತ್ತುವ ಆ ಸದ್ದು ಕೂತವರಿಗೆ ಹೇಗೆ ಕೇಳುತ್ತದೆ ಅಂತ ಗೊತ್ತಾದದ್ದು ಅವತ್ತೇ. ಅರ್ಧ ಚಪಾತಿ ತಿಂದು ಎದ್ದೆ. ಕೊಚ್ಚಿಯಲ್ಲಿ ಇಳಿಯುವುದೆಂದು ನಿಶ್ಚಯವಾದದ್ದು ಆ ಮೇಜಿನಲ್ಲಿ.

ಎರಡನೆಯ ದಿನವಿಡೀ ನೀರು. ಮಾತಿಲ್ಲದೆ ಬಾಯಿ ಒಣಗಿತ್ತು. ಏಳನೆಯ ಮಹಡಿಯ ಹಿಂಭಾಗದಲ್ಲಿ, ಹಾಡು ಕುಣಿತ ಕೇಳಿಸದ ಒಂದು ಮೂಲೆ ಸಿಕ್ಕಿತು. ಅಲ್ಲಿ ಕಂಬಿ ಹಿಡಿದು ನಿಂತೆ. ಹಡಗು ಹಿಂದೆ ಬಿಟ್ಟು ಬರುವ ಬಿಳಿ ನೊರೆಯ ದಾರಿ ನೋಡುತ್ತ ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಒಂದು ಗಂಟೆ ಕಳೆದೆ.

ಆಗ ಗಮನಕ್ಕೆ ಬಂತು. ಒಬ್ಬ ಕೆಲಸದವನು ಒರೆಸಿದ ಕಂಬಿಯನ್ನೇ ಮತ್ತೆ ಒರೆಸುತ್ತಿದ್ದ. ಅವನು ಹೋದ ಮೇಲೆ ಇನ್ನೊಬ್ಬ ಬಂದು ಕುಡಿಯಲು ನೀರು ಬೇಕೇ ಅಂದ. ಅವನ ಹಿಂದೆಯೇ ಬಿಳಿ ಯೂನಿಫಾರ್ಮಿನ ಒಬ್ಬ ಹೆಂಗಸು, ನಲವತ್ತೈದು ದಾಟಿರಬಹುದು, ನನ್ನಿಂದ ನಾಲ್ಕು ಮಾರು ದೂರ ಬಂದು ಫೋನು ನೋಡುವವಳ ಹಾಗೆ ನಿಂತಳು. ನನಗೆ ಈ ಕೆಲಸ ಗೊತ್ತು. ನಮ್ಮಲ್ಲಿ ಉಳಿದ ಯಾರಾದರೂ ತೀರಾ ಮೌನವಾಗಿದ್ದರೆ ಮೊದಲು ನೀರಿನ ಜಗ್ಗು ಕಳಿಸುತ್ತೇನೆ, ಆಮೇಲೆ ಟವೆಲು, ಕೊನೆಗೆ ನಾನೇ ಅವರ ಕಿಟಕಿಯ ಹತ್ತಿರ ಕರಿಬೇವು ಕೀಳಲು ಹೋಗುತ್ತೇನೆ. ನೋಡದ ಹಾಗೆ ನೋಡುವುದು.

"ನಾನು ಹಾರೋದಿಲ್ಲ," ಅಂದೆ ಕನ್ನಡದಲ್ಲೇ, ಅವಳಿಗೆ ಅರ್ಥವಾಗಲಾರದು ಎಂಬ ಧೈರ್ಯದಿಂದ.

"ಹಾಗೆ ಹೇಳಿದ್ರೆ ಒಳ್ಳೇದೇ ಆಯ್ತು ಮಾರಾಯ್ರೆ," ಅಂದಳು ಅವಳು. ಕಾರ್ಕಳದ ಕಡೆಯವಳಂತೆ. "ನಿನ್ನೆ ಸಂಜೆಯಿಂದ ನಿಮ್ಮನ್ನೇ ನೋಡ್ತಾ ಇದ್ದೇನೆ. ಊಟವೂ ಸರಿ ಮಾಡ್ಲಿಲ್ಲ ನೀವು. ಒಬ್ರೇ ಬಂದವರ ಮೇಲೆ ಸ್ವಲ್ಪ ಕಣ್ಣಿಡ್ಲಿಕ್ಕೆ ನಮಗೆ ಹೇಳಿದ್ದಾರೆ. ಬೇಜಾರು ಮಾಡ್ಕೊಳ್ಬೇಡಿ."

"ಬೇಜಾರೆಂತದು? ನಾನಾಗಿದ್ರೆ ನನಗೆ ರೂಮೇ ಕೊಡ್ತಿರ್ಲಿಲ್ಲ."

ಅವಳು ನಕ್ಕಳು. ನಾನು ತಮಾಷೆಗೆ ಹೇಳಿದ್ದಾಗಿರಲಿಲ್ಲ. ಒಬ್ಬರೇ ಬಂದವರಿಗೆ ನಮ್ಮಲ್ಲಿ ರೂಮಿಲ್ಲ. ನಮ್ಮ ಸುತ್ತಮುತ್ತ ಹೋಂಸ್ಟೇ ಇಟ್ಟವರಲ್ಲಿ ಅನೇಕರದ್ದು ಇದೇ ನಿಯಮ. ಯಾರು, ಯಾಕೆ ಬಂದರು, ಬೆಳಿಗ್ಗೆ ಬಾಗಿಲು ತೆಗೆಯದಿದ್ದರೆ ಏನು ಗತಿ? ಪೊಲೀಸು, ಪತ್ರಿಕೆ, ಮನೆಗೆ ಕೆಟ್ಟ ಹೆಸರು. ನಿಂತಲ್ಲೇ ಅವಳಿಗೆ ಒಂದು ಸಂಗತಿ ಹೇಳಿದೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಮೂಡಿಗೆರೆಯಿಂದ ಆಟೋ ಮಾಡಿಕೊಂಡು ಒಬ್ಬ ಹೆಂಗಸು ಬಂದಿದ್ದರು. ನನ್ನದೇ ವಯಸ್ಸು, ಕೈಯಲ್ಲಿ ಸಣ್ಣ ಬ್ಯಾಗು. "ಎರಡು ದಿನ ಸುಮ್ಮನೆ ಇರಬೇಕು, ಏನೂ ನೋಡುವುದಿಲ್ಲ," ಅಂದಿದ್ದರು. ಏನೂ ನೋಡುವುದಿಲ್ಲ ಅಂದದ್ದೇ ನನಗೆ ಹೆದರಿಕೆ ಹುಟ್ಟಿಸಿತು. ಕೂರಿಸಿ ಕಾಫಿ, ಅಕ್ಕಿ ರೊಟ್ಟಿ ಕೊಟ್ಟೆ. ರೂಮು ಎಲ್ಲ ಭರ್ತಿ ಅಂದೆ. ನಾಲ್ಕೂ ಕೀಲಿಕೈ ನನ್ನ ಬೆನ್ನ ಹಿಂದಿನ ಗೋಡೆಯ ಮೇಲೆ ನೇತಾಡುತ್ತಿದ್ದವು. ಅವರು ಅವನ್ನು ನೋಡಿದರು. ಲೋಟ ತಾವೇ ತೊಳೆದಿಟ್ಟು ಹೋದರು.

"ಆಮೇಲೆ ಎಂತಾದ್ರು ಅವರು?" ಅಂದಳು ಕಾರ್ಕಳದವಳು.

"ಗೊತ್ತಿಲ್ಲ."

"ಕೇಳ್ಲಿಲ್ವಾ ಯಾರನ್ನೂ?"

"ಇಲ್ಲ."

ಅವಳು ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಇವಳಿಗೂ ನನಗೂ ಇದ್ದ ಹೆದರಿಕೆ ಒಂದೇ. ಇವಳು ಒಬ್ಬರೇ ಬಂದವರನ್ನು ಒಳಗಿಟ್ಟುಕೊಂಡು ಕಾಯುತ್ತಿದ್ದಳು. ನಾನು ಹೊರಗೆ ಕಳಿಸಿ, ಅವತ್ತು ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದ್ದೆ.

"ನಾಳೆ ಕೊಚ್ಚಿಯಲ್ಲಿ ಇಳಿದು ಮನೆಗೆ ಹೋಗ್ತೀನಿ," ಅಂದೆ.

"ನಿಮ್ಮಿಷ್ಟ. ಹೋಗುವುದಾದ್ರೆ ಕೌಂಟರಲ್ಲಿ ಹೇಳಿ ಹೋಗಿ. ಇಲ್ಲದಿದ್ರೆ ನಾವು ಹುಡುಕ್ತೇವೆ."

ಹುಡುಕುತ್ತೇವೆ ಎಂಬ ಮಾತು ನನ್ನ ಕಿವಿಯಲ್ಲಿ ಬಹಳ ಹೊತ್ತು ಉಳಿಯಿತು.

ಕೊಚ್ಚಿಯಲ್ಲಿ ಬ್ಯಾಗು ಎತ್ತಿಕೊಂಡು ಇಳಿದೆ. ಕೌಂಟರಲ್ಲಿ ಏನೂ ಹೇಳಿರಲಿಲ್ಲ, ಊರು ನೋಡಿ ವಾಪಸಾಗಲಿದ್ದ ಜನರ ನಡುವೆಯೇ ನಡೆದುಬಿಟ್ಟೆ. ದಡದ ಬೆಂಚಿನ ಮೇಲೆ ಕೂರುತ್ತಿದ್ದ ಹಾಗೆ ಫೋನಿಗೆ ಜೀವ ಬಂತು. ಗೆಳತಿ.

"ಹೆಣ್ಣು ಮಗು ಕಣೇ! ನಿನ್ನೆ ಸಂಜೆ. ನಿನ್ನ ಫೋನು ಎಲ್ಲಿ ಸತ್ತಿತ್ತು? ಬೇಗ ಬಾ, ಮನೆ ತುಂಬ ಜನ, ನಿಂಗೂ ಜಾಗ ಮಾಡ್ತೀನಿ."

ಬೇಕಾಗಿದ್ದ ನೆಪ ಸಿಕ್ಕಿತ್ತು. ಮನೆ ತುಂಬ ಜನ ಅಂದಾಗ ನಾಲಿಗೆಯಲ್ಲಿ ನೀರೂರಿದ ಹಾಗಾಯಿತು. ಟ್ಯಾಕ್ಸಿಗಳು ಸಾಲಾಗಿ ನಿಂತಿದ್ದವು. ಆದರೆ ಆಟೋದಲ್ಲಿ ಬಂದಿದ್ದ ಆ ಹೆಂಗಸು ಕೇಳಿದ್ದೂ ಎರಡೇ ದಿನ. ಅಷ್ಟನ್ನು ನಾನು ಕೊಡಲಾರದೆ ಹೋದೆ. ನನ್ನ ಪಾಲಿಗೆ ಬಂದ ಎರಡು ದಿನ ಬ್ಯಾಗಿನ ಜೊತೆ ಬೆಂಚಿನ ಮೇಲೆ ಕೂತಿತ್ತು, ಅದನ್ನೂ ಬಿಟ್ಟು ಓಡಲು ನೋಡುತ್ತಿದ್ದೆ.

"ಪೂರಾ ಮುಗಿಸ್ಕೊಂಡು ಬರ್ತೀನಿ," ಅಂದೆ.

"ಅಷ್ಟು ಚೆನ್ನಾಗಿದ್ಯಾ?"

"ಇಲ್ಲ ಮಾರಾಯ್ತಿ. ಒಂದು ಚೂರೂ ಚೆನ್ನಾಗಿಲ್ಲ."

ಅವಳು ನಕ್ಕು, "ಹುಚ್ಚು ನಿಂಗೆ," ಎಂದು ಮಗುವಿನ ಅಳು ಕೇಳಿ ಫೋನಿಟ್ಟಳು. ನಾನು ಬ್ಯಾಗು ಎತ್ತಿಕೊಂಡು ಮತ್ತೆ ಹಡಗು ಹತ್ತಿದೆ.

ಆ ಎರಡು ದಿನ ಸುಖವಾಗಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ. ಒಬ್ಬಳೇ ಉಂಡೆ. ಒಬ್ಬಳೇ ಕೂತು ಯಾರದೋ ಮಕ್ಕಳು ಈಜುವುದನ್ನು ನೋಡಿದೆ. ಎದೆಯಲ್ಲಿ ಭಾರವೊಂದು ಕೂತಿತ್ತು. ಅದನ್ನು ಇಳಿಸಲು ಯಾರಿಗೂ ಕಾಫಿ ಮಾಡಿಕೊಡುವ ಹಾಗಿರಲಿಲ್ಲ. ಅದು ಹೊಸದಾಗಿ ಬಂದದ್ದಲ್ಲ, ಎಷ್ಟೋ ವರ್ಷದಿಂದ ನನ್ನ ಮನೆಯಲ್ಲೇ ಇದ್ದದ್ದು ಅಂತ ಮಾತ್ರ ನಿಧಾನಕ್ಕೆ ತಿಳಿಯಿತು.

ಕೊನೆಯ ಸಂಜೆ ಕಂಬಿ ಹಿಡಿದು ನಿಂತಿದ್ದಾಗ ಕಾರ್ಕಳದವಳು ಬಂದಳು. ನನ್ನ ಮುಖವನ್ನು ಒಮ್ಮೆ ಸರಿಯಾಗಿ ನೋಡಿದಳು.

"ಊಟ ಆಯ್ತಾ?"

"ಆಯ್ತು. ಪೂರ್ತಿ."

"ಹಾಗಾದ್ರೆ ನಾನು ಹೊರಟೆ. ಇನ್ನು ನಿಮ್ಮನ್ನು ಕಾಯುವ ಕೆಲಸ ಇಲ್ಲ ನನಗೆ," ಎಂದು ನನ್ನ ಮುಂಗೈ ಮುಟ್ಟಿ ಒಳಗೆ ಹೋದಳು.

ಕಂಬಿ ಒರೆಸುವವನೂ ಬರಲಿಲ್ಲ, ನೀರು ಬೇಕೇ ಅನ್ನುವವನೂ ಬರಲಿಲ್ಲ. ಸೂರ್ಯ ಮುಳುಗಿ ನೀರು ಬೂದಿಯ ಬಣ್ಣಕ್ಕೆ ತಿರುಗುವವರೆಗೂ ಅಲ್ಲಿ ನಾನು ಒಬ್ಬಳೇ ಇದ್ದೆ. ಬೇಕೆಂದಷ್ಟು ಹೊತ್ತು ನಿಂತು, ಚಳಿಯಾದ ಮೇಲೆ ಒಳಗೆ ಹೋದೆ.