ಗೋಡೆಯ ಮೇಲಿಂದ ಬರುತ್ತಿದ್ದ ಸುರಕುಂಬಾ

ಮೊದಲು ಕೈ ಕಾಣಿಸುತ್ತಿತ್ತು. ಅಂಗಳದ ಗೋಡೆಯ ಮೇಲೆ ಬೆರಳುಗಳು, ಉಗುರಿಗೆಲ್ಲ ಮೆಹಂದಿ, ಮುಂಗೈ ತುಂಬ ಹಸಿರು ಗಾಜಿನ ಬಳೆ. ಶಾವಿಗೆ ಹೊಸೆದು ಹೊಸೆದು ಹೆಬ್ಬೆರಳು ಚಪ್ಪಟೆಯಾಗಿತ್ತು. ಆಮೇಲೆ ಸೆರಗು ಹೊದ್ದ ತಲೆ ಏಳುತ್ತಿತ್ತು. ಆಕೆ ಗಿಡ್ಡ. ಶಹಾಬಜಾರದ ನಮ್ಮ ಎರಡು ಮನೆಗಳ ನಡುವಿನ ಗೋಡೆ ನನಗೆ ಎದೆಮಟ್ಟ, ಆಕೆಗೆ ಹಣೆಮಟ್ಟ. ಬಕೆಟ್ ಬೋರಲು ಹಾಕಿ, ಅದರ ಮೇಲೆ ಹತ್ತಿ ನಿಂತು ಕೇಳುತ್ತಿದ್ದಳು.

"ಅಕ್ಕಾ, ನಿನ್ನ ದೊಡ್ಡ ಭಾಂಡಿ ಮೂಲ್ಯಾಗ ಬ್ಯಾಸರ ಮಾಡ್ಕೊಂಡು ಕುಂತಿರ್ಬೇಕು. ನಮ್ಮನಿತನ ಅಡ್ಡಾಡಿ ಬರ್ಲಿ, ಕೊಡು."

ಕಡ ಕೇಳುವ ಸಂಕೋಚ ಆಕೆಗಿರಲಿಲ್ಲ. ನನ್ನ ಪಾತ್ರೆಗೆ ಉಪಕಾರ ಮಾಡುವವಳ ಹಾಗೆ ಕೇಳುತ್ತಿದ್ದಳು. ಏಣಿ, ಜರಡಿ, ಒನಕೆ, ಮಂಚ, ಏನೇ ಆಗಲಿ, ಇದೇ ಮಾತು. ನಾನು ಆಕೆಯನ್ನು ಆಪಾ ಅನ್ನುತ್ತಿದ್ದೆ, ಆಕೆ ನನ್ನನ್ನು ಅಕ್ಕಾ ಅನ್ನುತ್ತಿದ್ದಳು; ಆಪಾ ಅಂದರೂ ಅಕ್ಕನೇ. ಇಬ್ಬರಲ್ಲಿ ಯಾರು ದೊಡ್ಡವರೆಂಬುದು ಕೊನೆಯತನಕ ಇತ್ಯರ್ಥವಾಗಲಿಲ್ಲ.

ನಾವು ಲಿಂಗ ಕಟ್ಟಿದವರು, ಅವರು ಮಾಂಸ ತಿನ್ನುವವರು. ಅದು ಆಕೆಗೆ ನನಗಿಂತ ಹೆಚ್ಚು ನೆನಪಿರುತ್ತಿತ್ತು. ನಮ್ಮ ಮನೆಯಿಂದ ಹೋದ ಪಾತ್ರೆಯ ಕಿವಿಗೆ ಕೂಡಲೇ ಒಂದು ಕೆಂಪು ಚಿಂದಿ ಕಟ್ಟುತ್ತಿದ್ದಳು. ಸೊಸೆಗೆ ಹೇಳುತ್ತಿದ್ದುದು ನಮ್ಮ ಅಂಗಳಕ್ಕೆ ಕೇಳಿಸುತ್ತಿತ್ತು: "ಚಿಂದಿ ಕಟ್ಟಿದ್ದರಾಗ ನಿನ್ನ ಸಾರಿನ ಸೌಟು ಬಿತ್ತಂದ್ರ ನೋಡು, ಸೌಟಿಲೇ ಹೊಡಿತೀನಿ."

ನಮ್ಮ ಕಡೆ ಒಂದು ಪದ್ಧತಿ. ಒಯ್ದ ಪಾತ್ರೆಯನ್ನು ಬರಿದಾಗಿ ಮರಳಿ ಕೊಡಬಾರದು. ಆಕೆಯ ಪಾತ್ರೆ ನಮ್ಮಲ್ಲಿಗೆ ಬಂದರೆ ನಾವು ಹೋಳಿಗೆಯನ್ನೋ ಕಡಬನ್ನೋ ಹಾಕಿ ಕೊಡುತ್ತಿದ್ದೆವು. ನಮ್ಮ ಪಾತ್ರೆ ಆಕೆಯ ಮನೆಯಿಂದ ಬಂದರೆ ಅದರಲ್ಲಿ ನಿಂಬೆಹಣ್ಣು, ಹಿಡಿ ಸಕ್ಕರೆ, ಕೊತ್ತಂಬರಿ ಕಟ್ಟು ಇರುತ್ತಿತ್ತು. ಬೇಯಿಸಿದ್ದು ಎಂದೂ ಇಲ್ಲ. ನಮ್ಮತ್ತೆ ಇರುವತನಕ ಇದು ಕಾಯಿದೆ.

ಕಾಯಿದೆ ಎಂಥದ್ದೆಂದರೆ ಈಗ ನಗು ಬರುತ್ತದೆ. ಬೇಸಿಗೆ ಬಂತೆಂದರೆ ನನ್ನ ತವರಿಂದ ತಂದ ಶಾವಿಗೆ ಮಣೆ ನಮ್ಮ ಅಂಗಳಕ್ಕೆ ಇಳಿಯುತ್ತಿತ್ತು. ಗೆರೆ ಕೊರೆದ ಉದ್ದ ಹಲಗೆ, ಒಂದು ತುದಿಯಲ್ಲಿ ಕೂತು ಹಿಟ್ಟು ಹೊಸೆಯಬೇಕು. ಆಕೆಯಷ್ಟು ಸಣ್ಣ ಎಳೆ ಓಣಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಹಿಟ್ಟು ನಾದುವವಳು ಆಕೆ, ಹೊಸೆಯುವವಳು ಆಕೆ, ಎಳೆ ಹಿಡಿದು ಒಣಹಾಕುವವಳು ನಾನು. ಆ ಶಾವಿಗೆಯಲ್ಲಿ ಅರ್ಧ ನಮಗೆ, ಅರ್ಧ ಅವರ ರಮಜಾನಿಗೆ. ನಮ್ಮ ಪಾಲನ್ನು ನಮ್ಮತ್ತೆ ಬೆಲ್ಲ ಹಾಕಿ ಚಪ್ಪರಿಸಿ ತಿನ್ನುತ್ತಿದ್ದಳು. ಆಪಾಳ ಕೈ ಹಿಟ್ಟಿನಲ್ಲಿದ್ದಾಗ ಮೈಲಿಗೆ ಇಲ್ಲ. ಅದೇ ಕೈ ಅದೇ ಶಾವಿಗೆಯನ್ನು ಒಲೆಗೆ ಏರಿಸಿತೋ, ಮೈಲಿಗೆ ಬಂತು.

ಅತ್ತೆ ಹೋದಳು. ಕಾಯಿದೆ ಹೋಗಲಿಲ್ಲ.

ನನ್ನ ತವರು ಕಮಲಾಪುರ. ಅಲ್ಲಿ ತಮ್ಮನ ಮಗಳ ಮದುವೆಗೆ ಜಮಖಾನೆ ಸಾಲದಾದವು. ಬಾಡಿಗೆಗೆ ತರುತ್ತೇವೆಂದರೆ ಆಪಾ ಬಿಡಲಿಲ್ಲ. ತನ್ನ ನೆಂಟರಿಷ್ಟರ ಮನೆಮನೆಗೆ ಹೋಗಿ ಜಮಖಾನೆ ಕೂಡಿಸಿ, ಟೆಂಪೋದಲ್ಲಿ ಹೇರಿ, ಅವುಗಳ ಮೇಲೆ ತಾನೂ ಕೂತು ಬಂದಳು. "ಮಂದಿ ಮಾಲು ಅಕ್ಕಾ, ನಾ ಕಾವಲಿಗಿ ಬಂದೀನಿ" ಅಂದಳು. ನಮ್ಮ ಹೆಂಗಸರ ಪಂಕ್ತಿಯಲ್ಲಿ ಕೂತು ಉಂಡಳು. ಯಾರೋ ಇಬ್ಬರು ಮುಖ ಮುಖ ನೋಡಿಕೊಂಡರು. ಆಕೆ ನೋಡಿದರೂ ನೋಡದವಳಂತೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು.

ಮರಳಿ ಬರುವಾಗ ಟೆಂಪೋದಲ್ಲಿ, ತಮ್ಮ ಕೊಟ್ಟ ಕೆಂಪು ಬಾಳೆಹಣ್ಣಿನ ಗೊನೆ ತೊಡೆಯ ಮೇಲಿಟ್ಟುಕೊಂಡು ಕೇಳಿದಳು: "ನಿಮ್ಮನಿ ಹೂರಣ ಅಂದ್ರ ಹೂರಣ, ಅಕ್ಕಾ. ನಮ್ಮನಿದು ನೀ ಯಾವಾಗ ತಿಂತಿ?"

ನಾನು ಹೊರಗೆ ನೋಡಿದೆ. ರಸ್ತೆಯ ಎರಡೂ ಕಡೆ ತೊಗರಿ ನಿಂತಿತ್ತು. "ಮಹಾಗಾಂವ ಬಂತು ನೋಡು" ಅಂದೆ.

ಆಕೆ ಮತ್ತೆ ಕೇಳಲಿಲ್ಲ. ಆದರೆ ಮುಂದಿನ ರಮಜಾನ್ ಹಬ್ಬದ ಮುಂಜಾನೆ ಗೋಡೆಯ ಮೇಲೆ ಕೈಯ ಜೊತೆಗೆ ನಮ್ಮದೇ ಬೋಗುಣಿ ಬಂತು. ಬಿಸಿ ಸುರಕುಂಬಾ. ಹಾಲು, ಶಾವಿಗೆ, ಉತ್ತತ್ತಿ, ಗೋಡಂಬಿ.

"ಭಾಂಡಿ ನಿಂದು. ಶಾವಗಿ ನಿನ್ನ ಮಣಿ ಮ್ಯಾಲಿಂದು. ಹಾಲು ನಿನಗ ಹಾಕೋ ಗೌಳಿಗೇರದು. ನಂದು ಅಂಬೋದು ಒಲಿ ಬೆಂಕಿ ಒಂದೇ. ಬೆಂಕಿಗಿ ಯಾವ ಜಾತಿ ಅಕ್ಕಾ? ನಮ್ಮ ಗಂಡಸರು ನಮಾಜಿನಿಂದ ಬರೋದ್ರಾಗ ಮೊದ್ಲು ನಿನಗೇ ತಂದೀನಿ."

ಇಸಿದುಕೊಂಡೆ. ಒಳಗೆ ಒಯ್ದೆ. ಚಮಚ ತುಟಿಯತನಕ ಬಂತು, ಬಾಯಿ ತೆರೆಯಲಿಲ್ಲ. ಯಾರೂ ನನ್ನನ್ನು ಹಿಡಿದಿರಲಿಲ್ಲ. ಮನೆಯಲ್ಲಿ ಕೇಳುವವರೂ ಇರಲಿಲ್ಲ. ಗಂಡ ತೀರಿಹೋಗಿದ್ದ, ಮಗ ಸೂಪರ್ ಮಾರ್ಕೆಟ್ಟಿನ ಅಂಗಡಿಗೆ ಹೋಗಿದ್ದ. ಅತ್ತೆಯ ಮೇಲೆ ಹಾಕಿ ತಪ್ಪಿಸಿಕೊಳ್ಳಲು ಅತ್ತೆಯೂ ಇರಲಿಲ್ಲ. ನನಗೇ ಆಗಲಿಲ್ಲ, ಅಷ್ಟೇ. ಬೋಗುಣಿಯ ಮೇಲೆ ಸೆರಗು ಮುಚ್ಚಿ ಹಿತ್ತಲ ಬಾಗಿಲಿನಿಂದ ಹೋಗಿ ಗೌಳಿಗರ ಎಮ್ಮೆಯ ಮುಂದೆ ಸುರಿದು ಬಂದೆ. ಪಾತ್ರೆ ತೊಳೆದು ಒರೆಸಿ ಇಟ್ಟೆ.

ಮಧ್ಯಾಹ್ನ ಗೋಡೆಯ ಮೇಲೆ ತಲೆ ಎದ್ದಿತು. "ಹ್ಯಾಂಗಿತ್ತು?"

"ಭಾಳ ಛಲೋ ಆಗಿತ್ತು ಆಪಾ."

ಆಕೆಯ ಮುಖ ಅರಳಿದ್ದು ನೋಡಬೇಕಿತ್ತು. ಅಂದು ಸಂಜೆಯತನಕ ಓಣಿಯಲ್ಲಿ ಕಂಡಕಂಡವರಿಗೆ ಹೇಳಿದಳು, ಅಕ್ಕ ನಮ್ಮನಿ ಸುರಕುಂಬಾ ಉಂಡಾಳ ಅಂತ.

ಒಮ್ಮೆ ಹೇಳಿದ ಮೇಲೆ ವರ್ಷಾ ವರ್ಷಾ ಹೇಳಬೇಕಾಯಿತು. ಹಬ್ಬ ಬರುತ್ತಿತ್ತು, ಬೋಗುಣಿ ಬರುತ್ತಿತ್ತು, ಎಮ್ಮೆ ತಿನ್ನುತ್ತಿತ್ತು, ನಾನು ಹೊಗಳುತ್ತಿದ್ದೆ. ಹೊಗಳುವುದರಲ್ಲಿ ಪಳಗಿದೆ ಕೂಡ. ಈ ಸಲ ಉತ್ತತ್ತಿ ಮೆತ್ತಗೆ ಬೆಂದಿತ್ತು, ಈ ಸಲ ಹಾಲು ಗಟ್ಟಿಯಿತ್ತು ಎಂದು ಬೋಗುಣಿ ನೋಡಿಯೇ ಹೇಳುತ್ತಿದ್ದೆ.

ಆಕೆಯ ಕಣ್ಣಿಗೆ ಪೊರೆ ಬಂತು. ಆದರೂ ಹಬ್ಬದ ಸುರಕುಂಬಾ ಸೊಸೆಯ ಕೈಗೆ ಬಿಡಲಿಲ್ಲ. ಆ ವರ್ಷವೂ ಬೋಗುಣಿ ಮೊದಲು ನಮ್ಮ ಮನೆಗೇ ಬಂತು. ಎಮ್ಮೆ ಎಂದಿಗಿಂತ ಹೆಚ್ಚು ಪ್ರೀತಿಯಿಂದ ನೆಕ್ಕಿತು. ನಾನು ಮನೆಗೆ ಬಂದು ಪಾತ್ರೆ ತೊಳೆಯುತ್ತಿದ್ದೆ, ಗೋಡೆಯ ಮೇಲೆ ಆಕೆಯ ತಲೆ ಎದ್ದಿತು, ಏದುಸಿರು ಬಿಡುತ್ತಿದ್ದಳು. ಆಕೆ ಬಾಯಿ ತೆರೆಯುವ ಮೊದಲೇ ನಾನು ಸುರು ಮಾಡಿದೆ.

"ಆಪಾ, ಬೋಗುಣಿ ಬಳ್ಕೊಂಡು ಬಳ್ಕೊಂಡು ಉಂಡೆ ನೋಡು. ಸಕ್ಕರಿ ಹದಕ್ಕ ಬಿದ್ದಿತ್ತು."

ಆಕೆ ಏನೋ ಹೇಳಲು ಬಂದವಳು ನಿಂತಳು. ನನ್ನ ಕೈಯಲ್ಲಿದ್ದ ಬೋಗುಣಿ ನೋಡಿದಳು, ನನ್ನ ಮುಖ ನೋಡಿದಳು. "ಹೌದಾ" ಅಂದಳು. "ಛಲೋ ಆತು." ಮೆಲ್ಲಗೆ ಇಳಿದು ಹೋದಳು.

ಸ್ವಲ್ಪ ಹೊತ್ತಿಗೆ ಸೊಸೆ ಮುಂಬಾಗಿಲಿಗೆ ಬಂದಳು. "ಕಾಕೂ, ಆ ಸುರಕುಂಬಾ ಉಣಬ್ಯಾಡ್ರಿ, ಚೆಲ್ರಿ. ಅಮ್ಮಿಗಿ ಕಾಣಂಗಿಲ್ಲ, ಸಕ್ಕರಿ ಅಂತ ಹಿಡಿ ಹಿಡಿ ಉಪ್ಪು ಹಾಕ್ಯಾರ. ನಮ್ಮವ್ರು ಎಲ್ಲಾರೂ ಥೂ ಅಂತ ಉಗುಳಿದ್ರು. ಅಮ್ಮಿ ಹೇಳ್ಲಾಕ ಬಂದಿದ್ರಲ್ಲ, ಹೇಳ್ಲಿಲ್ಲೇನು?"

ನಾನು ಬಾಗಿಲು ಹಿಡಿದು ನಿಂತೆ. "ಹೇಳಿದ್ಳವ್ವಾ" ಅಂದೆ. ಅದೂ ಸುಳ್ಳೇ.

ಆಪಾ ಜಗಳ ಆಡಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹಗುರಾಗುತ್ತಿದ್ದೆ. ಆಕೆ ಆಡಲಿಲ್ಲ. ಮರುದಿನವೇ ಬಕೆಟ್ ಹತ್ತಿ ಜರಡಿ ಕೇಳಿದಳು, ಅದೇ ನಗು. ಮುಂದಿನ ಬೇಸಿಗೆ ಶಾವಿಗೆಯನ್ನೂ ಹೊಸೆದಳು. ರಮಜಾನ್ ಬಂದಾಗ ಬೋಗುಣಿ ಮಾತ್ರ ಬೇರೆ ರೀತಿ ಬಂತು. ಅದರಲ್ಲಿ ಒಣ ಶಾವಿಗೆ, ಸಕ್ಕರೆ, ಉತ್ತತ್ತಿ, ಗೋಡಂಬಿ, ಎಲ್ಲ ಬೇರೆ ಬೇರೆ ಕಾಗದದಲ್ಲಿ ಕಟ್ಟಿದ್ದಳು.

"ನಿನಗ ಹ್ಯಾಂಗ ಬೇಕು ಹಂಗ ಮಾಡ್ಕೋ ಅಕ್ಕಾ" ಅಂದಳು. ಅಷ್ಟೇ. ಹ್ಯಾಂಗಿತ್ತು ಎಂದು ಕೇಳಲು ಗೋಡೆಗೆ ಬರಲಿಲ್ಲ.

ನಾನು ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ಇವತ್ತು, ನಾಳೆ ಎನ್ನುತ್ತ ಮುಂದೂಡಿದೆ. ಮೊಳಕಾಲು ನೋವಿಗೆ ಔಷಧ ಮಾಡಿಸಲು ಕಮಲಾಪುರಕ್ಕೆ ಹೋದವಳು ತಮ್ಮನ ಮನೆಯಲ್ಲೇ ಬಹಳ ದಿನ ಉಳಿದೆ. ಬರುವಷ್ಟರಲ್ಲಿ ಆಪಾ ಹಾಸಿಗೆ ಹಿಡಿದಿದ್ದಳು.

ಅವರ ಮನೆಯ ಒಳಕೋಣೆ ನಾನು ನೋಡಿದ್ದು ಅಂದೇ. ಬಾಜೂ ಮನೆ ಅದು. ಮಂಚದ ಹತ್ತಿರ ಕೂತೆ. ಬಳೆ ಮೊಳಕೈಗೆ ಜಾರುವಷ್ಟು ಸೊರಗಿದ್ದಳು.

"ಆಪಾ, ಹಸಿವಾಗ್ಯಾದ. ಏನರೆ ಕೊಡು" ಅಂದೆ.

ಆಕೆ ನಕ್ಕಳು. ನಗು ಕೆಮ್ಮಾಯಿತು. "ಈಗ ಬಂದೇನು? ನಾ ಒಲಿ ಮುಂದ ಕುಂಡ್ರೋದು ಬಿಟ್ಟ ಮ್ಯಾಲ?"

ಸೊಸೆ ಶಿರಾ ಮಾಡಿ ತಂದಳು. ಯಾವ ಪಾತ್ರೆಯಲ್ಲಿ ಮಾಡಿದ್ದೆಂದು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ತಿಂದೆ. ಆಪಾ ತಲೆದಿಂಬಿನ ಮೇಲಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಎಷ್ಟು ಕಾಣುತ್ತಿತ್ತೋ ಏನೋ.

"ಹ್ಯಾಂಗದ?"

"ಸಕ್ಕರಿ ಜಾಸ್ತಿ ಆಗ್ಯಾದ" ಅಂದೆ.

"ಹಾಂ" ಅಂದಳು. "ಈಗ ಉಂಡಿ ನೋಡು."

ನನ್ನ ಮೊಳಕಾಲಿನ ಮೇಲೆ ಕೈ ಇಟ್ಟಳು. ಕ್ಷಮಿಸಿದಳೋ ಬಿಟ್ಟಳೋ ಗೊತ್ತಿಲ್ಲ. ನಾನು ಕೇಳಲಿಲ್ಲ. ಕೇಳುವ ಮುಖ ನನ್ನದಾಗಿರಲಿಲ್ಲ.

ಆ ವಾರವೇ ಹೋದಳು. ಮಣ್ಣು ಕೊಟ್ಟು ಗಂಡಸರು ಬಂದ ಮೇಲೆ ಹೆಂಗಸರೆಲ್ಲ ಅವರ ಅಂಗಳದಲ್ಲಿ ಕೂತಿದ್ದರು. ಒಬ್ಬಳು ಆಕೆಯ ಖೀಮಾ ನೆನೆಸಿದಳು. ಇನ್ನೊಬ್ಬಳು ಬಗಾರ ಅನ್ನ. ಮತ್ತೊಬ್ಬಳು, "ಸುರಕುಂಬಾ ಅಂದ್ರ ಆಪಾ ಕೈದೇ, ನಾಲಿಗಿ ಮ್ಯಾಲ ಇನ್ನಾ ಅದ" ಎಂದು ಅತ್ತಳು. ಅವರಲ್ಲೊಬ್ಬಳು ನನ್ನ ಕಡೆ ತಿರುಗಿ, "ನೀವ್ ಹೇಳ್ರಿ ಅಕ್ಕಾರ, ವರ್ಷಾ ಮೊದಲ ಬೋಗುಣಿ ನಿಮಗೇ ಬರ್ತಿತ್ತಲ್ಲ" ಅಂದಳು.

"ಬರ್ತಿತ್ತು" ಅಂದೆ. "ನಾ ಒಂದ್ ಸಲನೂ ಉಂಡಿಲ್ಲ."

ಕೇಳಿದವಳು ಆಚೆ ತಿರುಗಿಕೊಂಡಳು. ಸ್ವಲ್ಪ ಹೊತ್ತಿಗೆ ಅವರು ಮತ್ತೆ ಆಕೆಯ ಅಡಿಗೆಯ ಮಾತಿಗೇ ಮರಳಿದರು. ಒಬ್ಬೊಬ್ಬರಿಗೂ ಅಳಲು ಒಂದೊಂದು ರುಚಿ ಇತ್ತು. ನಾನು ಕೂತು ಕೇಳಿದೆ.