ರಾಗಿ ತುಂಬಿದ ಕೂಸು

ಸೂಲಗಿತ್ತಿಯರಿಗೆ ಪಾಠ ಹೇಳುವುದು ಹೇಗೆಂದು ಕೋಲಾರದಲ್ಲಿ ನಮಗೆ ರಬ್ಬರಿನ ಕೂಸು ಇಟ್ಟುಕೊಂಡು ಕಲಿಸಿದ್ದರು. ಮುಳಬಾಗಿಲು ಕಡೆಯ ನನ್ನ ಉಪಕೇಂದ್ರಕ್ಕೆ ಅಂಥದ್ದು ಬರುವ ಯೋಗವಿರಲಿಲ್ಲ. ಎಪ್ಪತ್ತರ ದಶಕದ ಕೊನೆ. ನಾನು ಹೊಸ ನರ್ಸಮ್ಮ, ಅನುಭವಕ್ಕಿಂತ ಹುರುಪೇ ಜಾಸ್ತಿ. ಹಳೇ ಪಂಚೆ ಹರಿದು ನಾನೇ ಒಂದು ಕೂಸು ಹೊಲಿದೆ. ಹತ್ತಿ ತುಂಬಿದರೆ ಕೈಗೆ ಭಾರವೇ ಗೊತ್ತಾಗುವುದಿಲ್ಲವೆಂದು ರಾಗಿ ತುಂಬಿದೆ. ಎತ್ತಿಕೊಂಡರೆ ಕತ್ತು ಹಸುಗೂಸಿನದಂತೆಯೇ ಹಿಂದಕ್ಕೆ ವಾಲುತ್ತಿತ್ತು. ಕಣ್ಣು ಬಾಯಿ ಬರೆಯಲು ಯಾಕೋ ಮನಸ್ಸು ಬರಲಿಲ್ಲ, ಹಾಗೇ ಬಿಟ್ಟೆ.

ಸುತ್ತಲ ಹಳ್ಳಿಗಳಿಂದ ತರಬೇತಿಗೆ ಬಂದವರೆಲ್ಲ ನನ್ನ ಅಜ್ಜಿಯ ವಯಸ್ಸಿನವರು. ಬ್ಲೇಡು ಕುದಿಸಬೇಕು, ಅಳದ ಕೂಸಿನ ಬಾಯಿ ಒರೆಸಿ ಬೆನ್ನು ಉಜ್ಜಬೇಕು ಎಂದು ನಾನು ಹೇಳುವುದು, ಅವರು ಎಲೆಅಡಿಕೆ ಜಗಿಯುತ್ತಾ ನಗುವುದು. ಒಬ್ಬ ಅಜ್ಜಿ ಮಾತ್ರ ನಗುತ್ತಿರಲಿಲ್ಲ. ಬಾಗಿಲ ಬಳಿ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕೂರುತ್ತಿದ್ದಳು. ಕೂಸನ್ನು ಎತ್ತಿಕೋ ಎಂದರೆ ಆಗದು ಎಂದು ತಲೆಯಾಡಿಸುತ್ತಿದ್ದಳು. ಅವಳ ಸೊಸೆಗೆ ಅದೇ ತಿಂಗಳು ದಿನ ತುಂಬುತ್ತಿತ್ತು. ಅವರ ಹಳ್ಳಿಗೆ ಬಸ್ಸಿಲ್ಲ, ಹೆರಿಗೆ ಮಾಡಿಸಲು ಬೇರೆ ಯಾರೂ ಇಲ್ಲ. ಕೈಯೇ ಹಾಕದ ಸೂಲಗಿತ್ತಿಯನ್ನು ನಂಬಿಕೊಂಡು ಆ ಹುಡುಗಿ ಹೆರುವುದಾದರೂ ಹೇಗೆ ಎಂದು ನನಗೆ ಸಿಟ್ಟು ಬರುತ್ತಿತ್ತು.

ಶನಿವಾರ ನಾನು ಊಟ ಮುಗಿಸಿ ಬರುವಷ್ಟರಲ್ಲಿ ಉಳಿದವರು ಕೂಸಿಗೆ ಬಿಸಿನೀರು ಹುಯ್ದು ಸ್ನಾನ ಮಾಡಿಸಿ, ಕೆನ್ನೆಗೆ ದೃಷ್ಟಿಬೊಟ್ಟಿಟ್ಟು, ಹಳೇ ಸೀರೆಯಲ್ಲಿ ಸುತ್ತಿ ಮೊರದಲ್ಲಿ ಮಲಗಿಸಿದ್ದರು. ಹುಟ್ಟಿದ ಕೂಸಿಗೆ ನೀರು ಹಾಕದೆ ಬಿಡುವುದು ಅವರಿಂದ ಆಗದ ಮಾತು. ಎಲ್ಲರನ್ನೂ ಬೈದು, ಕಿಟಕಿ ಬಾಗಿಲು ಹಾಕಿ ಊರಿಗೆ ಬಸ್ಸು ಹಿಡಿದೆ.

ಸೋಮವಾರ ಬೆಳಿಗ್ಗೆ ಬೀಗ ತೆಗೆದಾಗ ಬಾಣಂತಿ ಕೋಣೆಯಂಥ ಹಸಿ, ಸಿಹಿ ವಾಸನೆ. ಮೊರದಲ್ಲಿ ನಾನು ಬಿಟ್ಟುಹೋದದ್ದಕ್ಕಿಂತ ದಪ್ಪಗೆ ಏನೋ ಮಲಗಿತ್ತು. ಸುತ್ತಿದ ಸೀರೆ ಬಿಗಿದಿತ್ತು, ಹೊಟ್ಟೆ ಉಬ್ಬಿತ್ತು. ಹೆಂಗಸರು ಹೊಸ್ತಿಲಲ್ಲೇ ನಿಂತರು. ಪಾಠ ಹೇಳುವವಳೇ ಹೆದರಿದರೆ ಹೇಗೆ ಎಂದು ಹೋಗಿ ಕೈಯಿಟ್ಟೆ. ಬೆಚ್ಚಗಿತ್ತು. ಜೀವವಿರುವ ಮೈ ಎಷ್ಟು ಬೆಚ್ಚಗಿರುತ್ತದೋ ಅಷ್ಟೇ. ಕೈ ತಾನಾಗಿಯೇ ಹಿಂದಕ್ಕೆ ಬಂತು. ಆ ದಿಗಿಲು ಇವತ್ತಿಗೂ ನನ್ನ ಅಂಗೈ ಬಿಟ್ಟಿಲ್ಲ.

ಅಷ್ಟು ದಿನ ದೂರವೇ ಕೂತಿದ್ದ ಅಜ್ಜಿ ನನ್ನನ್ನು ದಾಟಿ ಬಂದು, ಬಗ್ಗಿ, ಎರಡೂ ಕೈ ಅದರ ಮೇಲಿಟ್ಟಳು. ಹೆದರಿಕೆಯಾದಾಗ ಅವಳಿಗೆ ಬರುತ್ತಿದ್ದದ್ದು ತೆಲುಗೇ.

"ವೆಚ್ಚಗಾ ಉಂದಮ್ಮ," ಎಂದಳು. ಆಮೇಲೆ ಕನ್ನಡದಲ್ಲಿ, "ಅದೂ ಹಿಂಗೇ ಬೆಚ್ಚಗಿತ್ತು."

ಹಿಂದಿನ ವರ್ಷ ಅದೇ ಸೊಸೆಯ ಚೊಚ್ಚಲ ಕೂಸು ಹುಟ್ಟಿ ಅಳಲಿಲ್ಲವಂತೆ. ಅಳದ ಕೂಸನ್ನು ಮೊರದಲ್ಲಿಟ್ಟು ಬಟ್ಟೆ ಮುಚ್ಚಿ, ಮೊದಲು ತಾಯಿಯನ್ನು ನೋಡಿಕೊಳ್ಳುವುದು ಅವರ ರೂಢಿ. ಅಜ್ಜಿಯೂ ಹಾಗೇ ಮಾಡಿದ್ದಳು. ಎಲ್ಲ ಮುಗಿಸಿ, ಹೂಳಲು ಕೊಡೋಣವೆಂದು ಎತ್ತಿಕೊಂಡರೆ ಉಸಿರಿರಲಿಲ್ಲ, ಅಷ್ಟು ಹೊತ್ತಿಗೆ ತಣ್ಣಗಾಗಿರಬೇಕಾದ ಮೈ ಮಾತ್ರ ಬೆಚ್ಚಗಿತ್ತು. ಅದು ಸತ್ತು ಹುಟ್ಟಿದ್ದಲ್ಲ, ಮೊರದಲ್ಲಿ ಸತ್ತದ್ದು ಎಂದು ಅವಳಿಗೆ ಆಗಲೇ ತಿಳಿಯಿತು. ಅವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ, ನನಗೊಬ್ಬಳಿಗೇ ಕೇಳುವಂತೆ ಹೇಳಿದಳು.

ನಾನು ಕತ್ತರಿ ತಂದು ಹೊಲಿಗೆ ಬಿಚ್ಚಿದೆ. ರಾಗಿಯೆಲ್ಲ ಬಿಳೀ ಮೊಳಕೆಯೊಡೆದು ಒಂದಕ್ಕೊಂದು ಹೆಣೆದುಕೊಂಡಿತ್ತು. ಮೊಳಕೆ ಹಿಟ್ಟಿಗೆಂದು ರಾಗಿ ನೆನೆಸಿ ಬಟ್ಟೆಯಲ್ಲಿ ಕಟ್ಟಿಡುವ ಹೆಂಗಸರಿಗೆ ಆ ಶಾಖ ಹೊಸದೇನಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಜ್ಜಿ ನಗಲಿಲ್ಲ. ಹೊಟ್ಟೆ ಬಿಚ್ಚಿದ ಕೂಸನ್ನು ಎತ್ತಿಕೊಂಡು, ನಾನು ಕಲಿಸಿದಂತೆಯೇ, ಇಲ್ಲದ ಬಾಯಿಯನ್ನು ಒರೆಸಿ ಬೆನ್ನು ಉಜ್ಜತೊಡಗಿದಳು. ಮೊಳಕೆ ನೆಲಕ್ಕೆ ಉದುರುತ್ತಿತ್ತು. ಸಾಕೆಂದರೂ ನಿಲ್ಲಿಸಲಿಲ್ಲ.

ಕೆಲವು ದಿನಗಳ ಮೇಲೆ ಸೊಸೆಗೆ ನೋವು ಬಂತೆಂಬ ಸುದ್ದಿ ತಿಳಿದು ನಾನು ನಡೆದು ತಲುಪುವಷ್ಟರಲ್ಲಿ ಹೆರಿಗೆ ಆಗಿಹೋಗಿತ್ತು. ಮನೆಯ ಮೊರ ಹಿತ್ತಿಲಲ್ಲಿ ಬೋರಲು ಬಿದ್ದಿತ್ತು. ಹೆರಿಗೆಗೆ ಮೊದಲೇ ಅಜ್ಜಿ ಅದನ್ನು ಹೊರಗೆಸೆದಿದ್ದಳಂತೆ. ಈ ಕೂಸೂ ಹುಟ್ಟಿ ಅಳಲಿಲ್ಲ, ಕೈಯಿಂದ ಕೆಳಗಿಡದೆ ಉಜ್ಜಿದಳು ಎಂದು ಪಕ್ಕದ ಮನೆಯವಳು ಹೇಳಿದಳು. ಈಗ ಅದು ತಾಯಿಯ ಮಗ್ಗುಲಲ್ಲಿ ಚೀರುತ್ತಿತ್ತು. ಸಂತೋಷಕ್ಕೆ ನನಗೂ ಅಳು ಬಂತು.

ಅಜ್ಜಿ ಗೋಡೆಗೊರಗಿ ಕೂತಿದ್ದಳು. ಖಾಲಿ ಮಡಿಲಲ್ಲಿ ಅವಳ ಕೈ ಇನ್ನೂ ಉಜ್ಜುತ್ತಲೇ ಇತ್ತು. ಕೂಸು ಅತ್ತಿತಲ್ಲ, ಇನ್ನು ಬಿಡಜ್ಜಿ ಎಂದೆ.

"ಅದು ಅತ್ತುಬಿಡ್ತಮ್ಮ," ಎಂದಳು. "ಇದಿನ್ನೂ ಅತ್ತಿಲ್ವಲ್ಲ."